ಏಳು ತಾಲೂಕು, ಏಳು ವರ್ಷ: ನಡುವೆ ಸಿಕ್ಕ ನಮ್ಮ ಮಕ್ಕಳು



ಜೂನ್ ತಿಂಗಳಲ್ಲಿ ಶಾಲೆ ತೆರೆದ ಮೇಲೆ ನಿಮ್ಮ ಶಾಲೆಯ ಹಾಜರಿ ಪುಸ್ತಕವನ್ನು ಒಮ್ಮೆ ತೆಗೆದು ನೋಡಿರಿ. ಐದನೆಯ ಇಯತ್ತೆಯಲ್ಲಿ ಮೊದಲ ಸಾಲಿನಲ್ಲಿ ಕೂಡುತ್ತಿದ್ದ, ಲೆಕ್ಕ ಹೇಳಿ ಮುಗಿಸುವ ಮೊದಲೇ ಉತ್ತರ ಹೇಳುತ್ತಿದ್ದ ಎರಡು ಮೂರು ಹೆಸರುಗಳು ಆರನೆಯ ಇಯತ್ತೆಯ ಯಾದಿಯಲ್ಲಿ ಇರುವುದಿಲ್ಲ. ದಾಖಲೆ ಪುಸ್ತಕದಲ್ಲಿ ಆ ಹೆಸರುಗಳ ಮುಂದೆ 'ಸ್ಥಳಾಂತರ' ಎಂದು ನಾವೇ ಬರೆದು ಸಹಿ ಮಾಡಿರುತ್ತೇವೆ. ಎಲ್ಲಿಗೆ ಸ್ಥಳಾಂತರ? ಉದಗೀರ ಕಡೆಯ ಮಕ್ಕಳಾದರೆ ಕಮಲನಗರಕ್ಕೆ, ಭಾಲ್ಕಿಗೆ, ಬೀದರಕ್ಕೆ. ನಿಲಂಗಾ ಕಡೆಯವರಾದರೆ ಭಾಲ್ಕಿಗೆ, ಬಸವಕಲ್ಯಾಣಕ್ಕೆ. ಉಮರ್ಗಾದವರಾದರೆ ಬಸವಕಲ್ಯಾಣಕ್ಕೆ, ಆಳಂದಕ್ಕೆ, ಕಲಬುರ್ಗಿಗೆ. ಸೋದರಮಾವನ ಮನೆಯಲ್ಲಿ ಒಂದು ಮೂಲೆ, ಇಲ್ಲವೇ ಯಾವುದೋ ಮಠದ ಪ್ರಸಾದ ನಿಲಯ. ಹನ್ನೊಂದು ವರ್ಷದ ಕೂಸು ತಾಯಿಯನ್ನು ಬಿಟ್ಟು ಗಡಿ ದಾಟುತ್ತದೆ.

ನಮ್ಮ ಸಭೆಗಳಲ್ಲಿ ಇದಕ್ಕೆ ಒಂದೇ ಉತ್ತರ: 'ಪಾಲಕರಿಗೆ ಇಂಗ್ಲಿಷಿನ ಹುಚ್ಚು ಹಿಡಿದಿದೆ.' ಇದು ಅರ್ಧ ಸತ್ಯ. ಇಂಗ್ಲಿಷ್ ಶಾಲೆ ಉಮರ್ಗಾದಲ್ಲೂ ಉಂಟು, ಉದಗೀರದಲ್ಲೂ ಉಂಟು. ಅದಕ್ಕಾಗಿ ಯಾರೂ ಮಗುವನ್ನು ಪರ ಊರಿನಲ್ಲಿ ಇಡಬೇಕಾಗಿಲ್ಲ. ಉಳಿದರ್ಧ ಸತ್ಯ ಬೆಂಗಳೂರಿನಲ್ಲಿದೆ, ಒಂದು ಸರ್ಕಾರಿ ಪುಸ್ತಿಕೆಯಲ್ಲಿ. ಆ ಪುಸ್ತಿಕೆಯನ್ನು ನಮ್ಮಲ್ಲಿ ಬಹಳ ಜನ ಓದಿಲ್ಲ. ನಮ್ಮ ಪಾಲಕರು ಓದಿದ್ದಾರೆ, ಅಥವಾ ಓದಿದವರಿಂದ ಕೇಳಿದ್ದಾರೆ.

ಕರ್ನಾಟಕ ಪರೀಕ್ಷಾ ಪ್ರಾಧಿಕಾರ ವರ್ಷ ವರ್ಷ ಸಿಇಟಿಗೆ ಹೊರಡಿಸುವ ಪುಸ್ತಿಕೆ ಅದು. ಬೆಂಗಳೂರಿನ ವಿಶ್ವೇಶ್ವರಯ್ಯ ಇಂಜಿನಿಯರಿಂಗ್ ಕಾಲೇಜು ಇರಲಿ, ಹೆಬ್ಬಾಳದ ಕೃಷಿ ವಿಶ್ವವಿದ್ಯಾಲಯ ಇರಲಿ, ಬೇರೆ ಯಾವುದೇ ಸರ್ಕಾರಿ ವೃತ್ತಿಶಿಕ್ಷಣದ ಸೀಟು ಇರಲಿ, ಅಂಕಗಳ ಮಾತು ಆಮೇಲೆ. ಮೊದಲು 'ಅರ್ಹತಾ ಕಲಮು' ದಾಟಬೇಕು. ಮುಖ್ಯ ಕಲಮು ಇಷ್ಟು: ಒಂದನೆಯ ತರಗತಿಯಿಂದ ಹನ್ನೆರಡನೆಯದರ ಒಳಗೆ ಕನಿಷ್ಠ ಏಳು ಪೂರ್ಣ ಶೈಕ್ಷಣಿಕ ವರ್ಷ ಕರ್ನಾಟಕದಲ್ಲಿ ಓದಿರಬೇಕು. ಈಗ ಬೆರಳು ಮಡಚಿ ಎಣಿಸಿರಿ. ಆರು, ಏಳು, ಎಂಟು, ಒಂಬತ್ತು, ಹತ್ತು, ಹನ್ನೊಂದು, ಹನ್ನೆರಡು. ಸರಿಯಾಗಿ ಏಳು! ನಮ್ಮ ಹುಡುಗರು ಐದನೆಯದು ಮುಗಿಸಿ ಏಕೆ ಹೋಗುತ್ತಾರೆ, ನಾಲ್ಕನೆಯದು ಮುಗಿಸಿ ಅಥವಾ ಏಳನೆಯದು ಮುಗಿಸಿ ಏಕೆ ಹೋಗುವುದಿಲ್ಲ ಎಂಬುದು ಈಗ ತಿಳಿಯಿತೇ? ಎರಡು ಎಕರೆ ಉದ್ದು, ತೊಗರಿ ಬೆಳೆಯುವ ರೈತ ನಮಗಿಂತ ಮೊದಲು ಈ ಲೆಕ್ಕ ಮಾಡಿಟ್ಟಿದ್ದಾನೆ. ಅವನಿಗೆ ಬೈಯುವ ಬಾಯಿ ನಮಗೆ ಎಲ್ಲಿಯದು?

ಇನ್ನೂ ಕೆಲವು ಕಲಮುಗಳಿವೆ. ಸೈನಿಕರ ಮಕ್ಕಳಿಗೆ, ಕೇಂದ್ರ ಸರ್ಕಾರದ ನೌಕರರ ಮಕ್ಕಳಿಗೆ ಬೇರೆ ದಾರಿ. ತಂದೆ ಅಥವಾ ತಾಯಿ ಕರ್ನಾಟಕದಲ್ಲಿ ಏಳು ವರ್ಷ ಓದಿದ್ದರೆ, ಮಗು ಹನ್ನೊಂದು ಹನ್ನೆರಡನ್ನು ಅಲ್ಲಿಯೇ ಓದಿದರೆ, ಅದಕ್ಕೊಂದು ದಾರಿ. ನಮ್ಮ ಊರುಗಳಿಗೆ ಸೊಸೆಯಾಗಿ ಬಂದವರಲ್ಲಿ ಭಾಲ್ಕಿ, ಹುಮನಾಬಾದ, ಔರಾದ ಕಡೆಯ ಹೆಣ್ಣುಮಕ್ಕಳು ಬಹಳ. ಅವರಲ್ಲಿ ಏಳನೆಯವರೆಗೆ ಶಾಲೆ ಕಂಡವರು ಎಷ್ಟು? ಕಂಡವರಲ್ಲಿ ಇಪ್ಪತ್ತೈದು ವರ್ಷದ ಹಿಂದಿನ ದಾಖಲೆಯನ್ನು ಗೆದ್ದಲಿನಿಂದ ಉಳಿಸಿಕೊಂಡವರು ಎಷ್ಟು? ಇಂಥ ದಾರಿ ಇದ್ದವರು ಅದನ್ನು ಬಿಡಬಾರದು, ಅದು ಬೇರೆ ಮಾತು.

ನಮಗೆಂದೇ ಬರೆದಂತೆ ಕಾಣುವ ಕಲಮು ಒಂದಿದೆ. ಅದರ ಹೆಸರು 'ಗಡಿನಾಡು ಕನ್ನಡಿಗ'. ಹೆಸರು ಕೇಳಿದರೆ ಮೈ ಜುಮ್ಮೆನ್ನುತ್ತದೆ. ಗಡಿಯ ಆಚೆ ಇದ್ದು, ಕನ್ನಡ ಮಾತೃಭಾಷೆಯಾಗಿ, ಅಲ್ಲಿಯೇ ಓದಿ ಪಾಸಾದ ಮಕ್ಕಳು ಒಂದು ಕನ್ನಡ ಪರೀಕ್ಷೆ ಕೊಟ್ಟು ಕರ್ನಾಟಕದ ಮಕ್ಕಳ ಸಾಲಿನಲ್ಲಿ ನಿಲ್ಲಬಹುದು. ಎಷ್ಟು ಚೆನ್ನಾಗಿದೆ! ಆದರೆ ಮುಂದೆ ಓದಿರಿ. ಯಾವ ಗಡಿ? ಮಹಾರಾಷ್ಟ್ರದ ದಕ್ಷಿಣ ಸೋಲಾಪುರ, ಅಕ್ಕಲಕೋಟ, ಜತ್ತ, ಗಡಹಿಂಗ್ಲಜ. ಕೇರಳದ ಕಾಸರಗೋಡು, ಹೊಸದುರ್ಗ, ಮಂಜೇಶ್ವರ. ಏಳು ತಾಲೂಕು. ಅಲ್ಲಿಗೆ ಗಡಿ ಮುಗಿಯಿತು. ಉಮರ್ಗಾ ಇಲ್ಲ. ನಿಲಂಗಾ ಇಲ್ಲ. ಉದಗೀರ ಇಲ್ಲ.

ಅಕ್ಕಲಕೋಟದ ಹುಡುಗಿಗೂ ಉಮರ್ಗಾದ ಹುಡುಗಿಗೂ ಏನು ವ್ಯತ್ಯಾಸ? ಇಬ್ಬರ ಕೈಯಲ್ಲೂ ಬಾಲಭಾರತಿಯ ಅದೇ ಕನ್ನಡ ಪುಸ್ತಕ. ಇಬ್ಬರೂ ಕೊಡುವುದು ಮಹಾರಾಷ್ಟ್ರ ಮಂಡಳಿಯ ಅದೇ ಹತ್ತನೆಯ ಪರೀಕ್ಷೆ, ಅದೇ ಕನ್ನಡ ಮಾಧ್ಯಮದಲ್ಲಿ. ಎರಡೂ ತಾಲೂಕುಗಳು ಒಂದಕ್ಕೊಂದು ದೂರವೂ ಅಲ್ಲ. ಒಬ್ಬಳು ಗಡಿನಾಡು ಕನ್ನಡಿಗಳು. ಇನ್ನೊಬ್ಬಳು ಹೊರ ರಾಜ್ಯದ ಅಭ್ಯರ್ಥಿ. ಅಕ್ಕಲಕೋಟದ ಮಕ್ಕಳಿಗೆ ಸಿಕ್ಕದ್ದು ನಮಗೆ ಹೊಟ್ಟೆಕಿಚ್ಚಿನ ಸಂಗತಿಯಲ್ಲ. ಅವರಿಗೆ ಸಿಕ್ಕದ್ದು ನ್ಯಾಯ. ಅದೇ ನ್ಯಾಯ ಬೋರಿ ನದಿಯ ಈಚೆಗೆ ಏಕೆ ಬರಲಿಲ್ಲ ಎಂಬುದಷ್ಟೇ ಪ್ರಶ್ನೆ.

ಉತ್ತರ ಹುಡುಕಲು ಬಹಳ ದೂರ ಹೋಗಬೇಕಿಲ್ಲ. ಕಲಮಿನಲ್ಲಿಯೇ ಒಂದು ಶಬ್ದವಿದೆ: 'ವಿವಾದಿತ ಪ್ರದೇಶ'. 1966ರಲ್ಲಿ ನೇಮಕವಾದ ಮಹಾಜನ ಆಯೋಗ 1967ರಲ್ಲಿ ವರದಿ ಕೊಟ್ಟಿತು. ಮಹಾರಾಷ್ಟ್ರದಿಂದ ಕರ್ನಾಟಕಕ್ಕೆ ಬರಬೇಕೆಂದು ಅದು ಹೇಳಿದ 247 ಹಳ್ಳಿಗಳು ದಕ್ಷಿಣ ಸೋಲಾಪುರ, ಅಕ್ಕಲಕೋಟ, ಜತ್ತ ಕಡೆಯ ಸೀಮೆಯವು. ಕಾಸರಗೋಡಿನ ಚಂದ್ರಗಿರಿ ಹೊಳೆಯ ಉತ್ತರದ ಭಾಗವೂ ಬರಬೇಕೆಂದು ಹೇಳಿತು. ಈಗ ಆ ವರದಿಯನ್ನೂ ಸಿಇಟಿಯ ಯಾದಿಯನ್ನೂ ಪಕ್ಕಪಕ್ಕ ಇಟ್ಟು ನೋಡಿರಿ. ಕರ್ನಾಟಕ ಯಾವ ನೆಲವನ್ನು ಕೇಳಿತೋ ಆ ನೆಲದ ಮಕ್ಕಳು ಕನ್ನಡಿಗರು. ಯಾವ ನೆಲವನ್ನು ಕೇಳಲಿಲ್ಲವೋ ಆ ನೆಲದ ಮಕ್ಕಳು ಯಾರೂ ಅಲ್ಲ. ನಾನು ಬಿ.ಎಡ್. ಓದುವಾಗ 'ಶಿಶುಕೇಂದ್ರಿತ ಶಿಕ್ಷಣ' ಎಂಬ ಮಾತನ್ನು ಪ್ರತಿ ಪ್ರಶ್ನೆಪತ್ರಿಕೆಯಲ್ಲೂ ಬರೆದು ಅಂಕ ಪಡೆದಿದ್ದೆ. ಇಲ್ಲಿ ಶಿಶು ಕೇಂದ್ರವಲ್ಲ. ಸರ್ವೆ ನಂಬರು ಕೇಂದ್ರ.

ನವೆಂಬರ್ ಒಂದನೆಯ ತಾರೀಖು ವೇದಿಕೆಯ ಮೇಲೆ ನಿಂತವರು ಕವಿರಾಜಮಾರ್ಗದ ಹೆಸರು ಹೇಳಿ ಕನ್ನಡ ನಾಡನ್ನು ಗೋದಾವರಿಯವರೆಗೆ ಹಿಗ್ಗಿಸುತ್ತಾರೆ. ಭಾಷಣದಲ್ಲಿ ಗೋದಾವರಿ, ಪುಸ್ತಿಕೆಯಲ್ಲಿ ಮಾಂಜ್ರಾ ಕೂಡ ಇಲ್ಲ! ನಿಲಂಗಾ ತಾಲೂಕಿನ ದಂಡೆಯನ್ನು ಸವರಿಕೊಂಡು ಅದೇ ನೀರು ಭಾಲ್ಕಿ ಕಡೆಗೆ ಹೋಗುತ್ತದೆ. ನೀರಿಗೆ ಏಳು ವರ್ಷದ ದಾಖಲೆ ಕೇಳುವವರಿಲ್ಲ.

'ಹಾಗಾದರೆ ನೀವು ಹೊರನಾಡು ಕನ್ನಡಿಗರ ಕಲಮಿನಲ್ಲಿ ಬನ್ನಿ' ಎನ್ನುವ ಬುದ್ಧಿವಂತರೂ ಇದ್ದಾರೆ. ಹೊರನಾಡು ಎಂದರೆ ಏನು? ನಾಡಿನಿಂದ ಹೊರಗೆ ಹೋದವರು. ಉದ್ಯೋಗಕ್ಕೆ ಮುಂಬಯಿಗೋ ದಿಲ್ಲಿಗೋ ಹೋದವರನ್ನು ಕಣ್ಣ ಮುಂದೆ ಇಟ್ಟುಕೊಂಡು ಮಾಡಿದ ಮಾತು ಅದು. ನಾವು ಎಲ್ಲಿಗೆ ಹೋದೆವು? ನಾವು ಕೂತಲ್ಲೇ ಕೂತಿದ್ದೇವೆ, ಗಡಿ ಎದ್ದು ನಡೆದು ಹೋಯಿತು. 1956ರ ಅಕ್ಟೋಬರ್ 31ರ ರಾತ್ರಿ ಉದಗೀರ, ನಿಲಂಗಾ ತಾಲೂಕುಗಳು ಹೈದರಾಬಾದ ರಾಜ್ಯದ ಬೀದರ ಜಿಲ್ಲೆಯಲ್ಲಿದ್ದವು. ಮರುದಿನ ಬೆಳಗಾದಾಗ ಅಹಮದಪುರದ ಜೊತೆಗೆ ಅವು ಮುಂಬಯಿ ರಾಜ್ಯದಲ್ಲಿದ್ದವು. ಬೀದರ ಮೈಸೂರು ರಾಜ್ಯದಲ್ಲಿತ್ತು. ರಾಜ್ಯ ಪುನರ್ವಿಂಗಡಣೆ ಕಾಯ್ದೆ ತಾಲೂಕುಗಳ ಹೆಸರು ಹಿಡಿದೇ ಹೀಗೆ ಬರೆಯಿತು. 1960ರ ಮೇ 1ರಿಂದ ನಾವು ಮಹಾರಾಷ್ಟ್ರ. ಉಮರ್ಗಾ ಅಂದಿನ ಉಸ್ಮಾನಾಬಾದ, ಇಂದಿನ ಧಾರಾಶಿವ ಜಿಲ್ಲೆಯಲ್ಲಿಯೇ ಉಳಿಯಿತು. ಆದರೆ ಆಳಂದ, ಕಲಬುರ್ಗಿಯೊಡನೆ ಇದ್ದ ಒಂದೇ ರಾಜ್ಯದ ನಂಟು ಅಂದೇ ಕಡಿಯಿತು. ತಾಲೂಕುಗಳನ್ನು ಅಳೆದು ಹಂಚಿದವರು ಬಹುಸಂಖ್ಯೆಯನ್ನು ನೋಡಿದರು. ಮರಾಠಿ ಹೆಚ್ಚಿದ್ದ ತಾಲೂಕು ಮರಾಠಿ ರಾಜ್ಯಕ್ಕೆ ಹೋದದ್ದರಲ್ಲಿ ಅನ್ಯಾಯವಾಯಿತೆಂದು ನಾನು ಇಂದು ಜಗಳ ತೆಗೆಯುವುದಿಲ್ಲ. ನೆಲದ ವ್ಯಾಜ್ಯ 2004ರಿಂದ ಸುಪ್ರೀಂ ಕೋರ್ಟಿನಲ್ಲಿದೆ, ಅದು ಅಲ್ಲಿಯೇ ಇರಲಿ. ನಾನು ಕೇಳುವುದು ಒಂದಿಂಚು ನೆಲವನ್ನೂ ಅಲ್ಲ. ಕಾಲೇಜಿನಲ್ಲಿ ಒಂದು ಬೆಂಚು.

ಹಿಂದಿನ ಕಾಲವನ್ನು ಹೊಗಳುವ ಚಟ ನನಗಿಲ್ಲ. ನಿಜಾಮನ ಕಾಲದಲ್ಲಿ ಕನ್ನಡ ಶಾಲೆಗಳ ಗತಿ ಏನಿತ್ತೆಂಬುದು ಹಿರಿಯರಿಗೆ ಗೊತ್ತು. 1918ರಲ್ಲಿ ಶುರುವಾದ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಉರ್ದುವಿನಲ್ಲಿಯೇ ಓದಬೇಕಿತ್ತು. ಆದರೂ ಉದಗೀರದ ಹುಡುಗನೂ ಬೀದರದ ಹುಡುಗನೂ ಅಲ್ಲಿ ಒಂದೇ ಸಾಲಿನಲ್ಲಿ ನಿಲ್ಲುತ್ತಿದ್ದರು. ಸ್ವಂತ ಭಾಷೆಯ ರಾಜ್ಯಗಳು ಬಂದ ಮೇಲೆ ಆ ಸಾಲು ಒಡೆಯಿತು.

ಈಗ ಗಡಿಯ ಆ ಕಡೆಯ ಮನೆಯನ್ನು ನೋಡೋಣ. ಮಹಾರಾಷ್ಟ್ರ ಸರ್ಕಾರ ಕರ್ನಾಟಕದಲ್ಲಿರುವ 865 ಹಳ್ಳಿ ಪಟ್ಟಣಗಳು ತನ್ನವೆನ್ನುತ್ತದೆ. 2022ರ ಡಿಸೆಂಬರ್ 27ರಂದು ಅದರ ವಿಧಾನಮಂಡಲ ಮತ್ತೊಮ್ಮೆ ಹಾಗೆ ಠರಾವು ಮಾಡಿತು. ಆ 865ರಲ್ಲಿ ಬೀದರ ಜಿಲ್ಲೆಯ ಹಳ್ಳಿಗಳೂ ಇವೆ, ಕಲಬುರ್ಗಿ ಜಿಲ್ಲೆಯವೂ ಇವೆ. ಅಲ್ಲಿಯ ಮರಾಠಿ ಮಾತೃಭಾಷೆಯ ಮಕ್ಕಳಿಗೆ ಮಹಾರಾಷ್ಟ್ರದ ಇಂಜಿನಿಯರಿಂಗ್ ಪ್ರವೇಶದಲ್ಲಿ ಪ್ರತ್ಯೇಕ ವರ್ಗವೇ ಇದೆ. ವೈದ್ಯಕೀಯದಲ್ಲೂ ಅವರಿಗೆ ಸೀಟು ತೆಗೆದಿಟ್ಟಿದ್ದಾರೆ. ಆ ಹುಡುಗ ಕರ್ನಾಟಕದಲ್ಲಿ ಹನ್ನೆರಡು ವರ್ಷ ಓದಿದ್ದಾನೆ, ಆದ್ದರಿಂದ ಕರ್ನಾಟಕದ ಸಿಇಟಿಗೂ ಅರ್ಹ. ಮೇಲಾಗಿ ಸಂವಿಧಾನದ 371-ಜೆ ಕಲಮಿನ ಪ್ರಕಾರ 2013ರಿಂದ ಕಲ್ಯಾಣ ಕರ್ನಾಟಕದ ಶಿಕ್ಷಣ ಸಂಸ್ಥೆಗಳಲ್ಲಿ ಸ್ಥಳೀಯರಿಗೆ ಶೇ. 70, ರಾಜ್ಯದ ಉಳಿದ ಕಡೆ ಶೇ. 8 ಸೀಟು ಮೀಸಲು. ಅದರಲ್ಲೂ ಅವನಿಗೆ ಪಾಲುಂಟು. ಹೀಗೆ ಬೀದರದ ಹಳ್ಳಿಯ ಮರಾಠಿ ಹುಡುಗನಿಗೆ ಮೂರು ಬಾಗಿಲು. ಒಳ್ಳೆಯದಾಗಲಿ, ಆ ಹುಡುಗ ನಮ್ಮ ನೆಂಟನೇ. ಆದರೆ ಹಳಿಯ ಮೇಲೆ ಒಂದು ಗಾಡಿ ಮುಂದೆ ಬಂದರೆ ಉದಗೀರ. ಅಲ್ಲಿಯ ಕನ್ನಡ ಹುಡುಗಿಗೆ ಒಂದೇ ಬಾಗಿಲು, ಮಹಾರಾಷ್ಟ್ರದ್ದು. ಮಹಾರಾಷ್ಟ್ರ ತನ್ನ ಭಾಷೆಯ ಮಕ್ಕಳನ್ನು ಗಡಿ ದಾಟಿ ಬಂದು ಕೈ ಹಿಡಿಯಿತು. ಕರ್ನಾಟಕ ತನ್ನ ಭಾಷೆಯ ಮಕ್ಕಳು ಗಡಿ ದಾಟಿ ಬಂದು ಬಾಗಿಲು ಬಡಿದರೂ ದಾಖಲೆ ಕೇಳಿತು. ಅಭಿಮಾನದ ಪಾಠವನ್ನು ನಾವು ಯಾರಿಂದ ಕಲಿಯಬೇಕು, ನೀವೇ ಹೇಳಿರಿ.

ಒಂದು ಉದಾಹರಣೆ. ದೇವಣಿ ಎಂಬ ಎತ್ತಿನ ತಳಿ ನಮ್ಮದು. ಆ ಹೆಸರಿನ ಊರು ಉದಗೀರ ಸೀಮೆಯಲ್ಲಿದೆ. ಕರ್ನಾಟಕದ ಪಶುವೈದ್ಯಕೀಯ ವಿಶ್ವವಿದ್ಯಾಲಯ ಬೀದರದಲ್ಲಿದೆ. ದೇವಣಿ ಆಕಳು ಬೀದರಕ್ಕೆ ಹೋದರೆ ದೇಸಿ ತಳಿ ಎಂದು ಸಾಕುತ್ತಾರೆ. ಆ ಆಕಳನ್ನು ಮೇಯಿಸಿದ ಕನ್ನಡ ಹುಡುಗ ಹೋದರೆ ಪರ ರಾಜ್ಯದವನು. ಉದಗೀರದಲ್ಲಿಯೇ ಒಂದು ಪಶುವೈದ್ಯಕೀಯ ಕಾಲೇಜು ಇದೆಯಲ್ಲ ಎನ್ನಬಹುದು. ಇದೆ, ಒಳ್ಳೆಯ ಕಾಲೇಜು. ನಮ್ಮ ಮಕ್ಕಳು ಅಲ್ಲಿ ಸೇರಲಿ, ಲಾತೂರಿಗೆ ಹೋಗಲಿ, ನಾಂದೇಡಿಗೆ ಹೋಗಲಿ. ಮರಾಠಿ ನಮ್ಮ ವೈರಿಯಲ್ಲ. ನಮ್ಮ ಮಕ್ಕಳು ಅದನ್ನು ಚೆನ್ನಾಗಿ ಕಲಿಯುತ್ತಾರೆ, ಕಲಿಯಬೇಕು. ಆದರೆ ಹತ್ತು ವರ್ಷ ಕನ್ನಡದಲ್ಲಿ ಓದಿದವನಿಗೆ ಕನ್ನಡದ ರಾಜ್ಯದಲ್ಲಿ ಸಿಗುವ ಲಾಭ ಸೊನ್ನೆ ಎಂದಾದರೆ, ನಾಳೆ ಯಾವ ಮುಖ ಹೊತ್ತು ನಾವು ಮನೆಮನೆಗೆ ಹೋಗಿ 'ಮಗುವನ್ನು ಕನ್ನಡ ಶಾಲೆಗೆ ಹಾಕಿರಿ' ಎನ್ನುವುದು?

ಖರ್ಚಿನ ಮಾತಿಗೆ ಬರುತ್ತೇನೆ. ಅರ್ಹತೆ ಇಲ್ಲವೆಂದಾದ ಮೇಲೆ ಶುಲ್ಕ ಎಷ್ಟಾದರೇನು ಎನ್ನಬೇಡಿ. ಸಿಇಟಿ ಬೇಡದ ಬಿ.ಎ., ಬಿ.ಎಸ್‌ಸಿ., ಎಂ.ಎ.ಗಳಿಗೆ ನಮ್ಮ ಮಕ್ಕಳು ಕಲಬುರ್ಗಿಗೂ ಬೆಂಗಳೂರಿಗೂ ಹೋಗುತ್ತಾರೆ. ಅಲ್ಲಿ ಬಾಗಿಲು ತೆರೆದಿದೆ, ಹೊಸ್ತಿಲು ಎತ್ತರ. ಮೊದಲು ನಮ್ಮ ಮಂಡಳಿಯಿಂದ ವಲಸೆ ಪ್ರಮಾಣಪತ್ರ, ಆಮೇಲೆ ಅಲ್ಲಿಯ ಅರ್ಹತಾ ಪ್ರಮಾಣಪತ್ರ, ಪ್ರತಿಯೊಂದಕ್ಕೂ ಶುಲ್ಕ. ಸೇತು ಕೇಂದ್ರದಲ್ಲಿ ಪಡೆದ ಉತ್ಪನ್ನದ ದಾಖಲೆ, ರಹಿವಾಸಿ ದಾಖಲೆ ಎರಡೂ ಮರಾಠಿಯಲ್ಲಿ. ಅವನ್ನು ಅನುವಾದಿಸಬೇಕು, ನೋಟರಿ ಮಾಡಿಸಬೇಕು. ಶುಲ್ಕದ ಕೋಷ್ಟಕದಲ್ಲಿ ಅನೇಕ ವಿಶ್ವವಿದ್ಯಾಲಯಗಳು ಹೊರ ರಾಜ್ಯದವರಿಗೆ ಬೇರೆ ಸಾಲು ಬರೆಯುತ್ತವೆ, ಆ ಸಾಲಿನ ಅಂಕಿ ಯಾವಾಗಲೂ ದೊಡ್ಡದು. ಸಿಇಟಿಯ ಅರ್ಜಿಯಲ್ಲಿಯೇ ನೋಡಿರಿ: 2024ರಲ್ಲಿ ಕರ್ನಾಟಕದ ಸಾಮಾನ್ಯ ಅಭ್ಯರ್ಥಿಗೆ 500 ರೂಪಾಯಿ, ಕರ್ನಾಟಕದ ಪರಿಶಿಷ್ಟ ಅಭ್ಯರ್ಥಿಗೆ 250, ಹೊರಗಿನವರಿಗೆ 750.

ಆ 250 ಮತ್ತು 750ರ ನಡುವೆ ಸಿಕ್ಕಿಬಿದ್ದವರು ನಮ್ಮ ಕೇರಿಗಳ ಮಕ್ಕಳು. ಒಂದು ರಾಜ್ಯದ ಪರಿಶಿಷ್ಟ ಜಾತಿ ಪ್ರಮಾಣಪತ್ರ ಇನ್ನೊಂದು ರಾಜ್ಯದಲ್ಲಿ ನಡೆಯುವುದಿಲ್ಲ. ಮುಂಬಯಿಯ ಒಂದು ವೈದ್ಯಕೀಯ ಕಾಲೇಜಿನ ಪ್ರವೇಶದ ಮೊಕದ್ದಮೆಯಲ್ಲಿಯೇ ಸುಪ್ರೀಂ ಕೋರ್ಟು 1990ರಲ್ಲಿ ಹೀಗೆ ತೀರ್ಪು ಕೊಟ್ಟಿತು. ಕಮಲನಗರದಲ್ಲಿರುವ ಅಣ್ಣನ ಮಗ ಮೀಸಲಾತಿಯವನು, ಉದಗೀರದಲ್ಲಿರುವ ತಮ್ಮನ ಮಗ ಬೆಂಗಳೂರಿನಲ್ಲಿ ಸಾಮಾನ್ಯ ವರ್ಗದವನು. ವಸತಿನಿಲಯಕ್ಕೂ ಇದೇ ಗೋಳು. ಜಾತಿ, ಆದಾಯದ ಪತ್ರಗಳು ಕರ್ನಾಟಕದ ತಹಸೀಲ್ದಾರರದ್ದೇ ಬೇಕು ಎಂದ ಮೇಲೆ ನಮ್ಮ ಹುಡುಗ ಶಹರದಲ್ಲಿ ಬಾಡಿಗೆ ಕೋಣೆ ಹಿಡಿಯಬೇಕು. ಪಾಲಕರ ಜೇಬು ಹರಿಯುವುದು ಕಾಲೇಜಿನ ಶುಲ್ಕದಿಂದಲ್ಲ, ಈ ಕೋಣೆ ಮತ್ತು ಊಟದಿಂದ.

ಹೆಣ್ಣುಮಕ್ಕಳ ಲೆಕ್ಕವಂತೂ ಕೇಳಬೇಡಿ. 2024ರ ಜುಲೈಯಲ್ಲಿ ಮಹಾರಾಷ್ಟ್ರ ಸರ್ಕಾರ ಒಂದು ಒಳ್ಳೆಯ ಆದೇಶ ಮಾಡಿತು: ಎಂಟು ಲಕ್ಷದೊಳಗೆ ಆದಾಯವುಳ್ಳ ಹಿಂದುಳಿದ ಮತ್ತು ಆರ್ಥಿಕವಾಗಿ ದುರ್ಬಲ ವರ್ಗಗಳ ಹುಡುಗಿಯರಿಗೆ ವೃತ್ತಿಶಿಕ್ಷಣದಲ್ಲಿ ಬೋಧನಾ ಶುಲ್ಕ, ಪರೀಕ್ಷಾ ಶುಲ್ಕ ಪೂರ್ತಿ ಮಾಫಿ. ಗಡಿ ದಾಟಿದ ಕೂಡಲೇ ಅದು ಹೋಯಿತು. ಕರ್ನಾಟಕದಲ್ಲಿ 2023ರ ಜೂನ್ 11ರಿಂದ ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆ. ಆದರೆ ಕರ್ನಾಟಕದ ವಿಳಾಸದ ಗುರುತಿನ ಚೀಟಿ ಇದ್ದವರಿಗೆ. ಭಾಲ್ಕಿಯಿಂದ ಬೀದರಕ್ಕೆ ಒಂದೇ ಬಸ್ಸಿನಲ್ಲಿ, ಒಂದೇ ಸೀಟಿನಲ್ಲಿ ಅಕ್ಕ ತಂಗಿಯ ಮಕ್ಕಳು ಕೂತಿದ್ದಾರೆ. ಒಬ್ಬಳ ಟಿಕೀಟು ಸೊನ್ನೆ, ಇನ್ನೊಬ್ಬಳದು ಪೂರ್ತಿ. ಮಹಾರಾಷ್ಟ್ರದಲ್ಲಿ ಇದ್ದದ್ದು ಬಿಟ್ಟುಹೋಯಿತು, ಕರ್ನಾಟಕದಲ್ಲಿ ಇರುವುದು ಸಿಗಲಿಲ್ಲ. ಹೀಗಿರುವಾಗ ಯಾವ ತಂದೆ ಮಗಳನ್ನು ಕನ್ನಡ ಎಂ.ಎ.ಗೆ ಕಳಿಸುತ್ತಾನೆ?

ಕೆಲವು ವರ್ಷಗಳ ಹಿಂದೆ ನನ್ನ ವಿದ್ಯಾರ್ಥಿನಿಯೊಬ್ಬಳ ಜೊತೆ ನಾನೇ ಗಡಿಯಾಚೆಯ ಒಂದು ದೊಡ್ಡ ಶಹರಕ್ಕೆ ಪ್ರವೇಶಕ್ಕಾಗಿ ಹೋಗಿದ್ದೆ. ಹತ್ತನೆಯವರೆಗೆ ಅಚ್ಚ ಕನ್ನಡ ಮಾಧ್ಯಮ. ಕಿಟಕಿಯ ಆಚೆ ಇದ್ದ ಗುಮಾಸ್ತರು ಅಂಕಪಟ್ಟಿಯನ್ನು ತಿರುಗಿಸಿ ತಿರುಗಿಸಿ ನೋಡಿದರು. 'ಇದು ಮಹಾರಾಷ್ಟ್ರ ಬೋರ್ಡು, ಇದರಲ್ಲಿ ಕನ್ನಡ ಹೇಗೆ ಬಂತು?' ಎಂದು ಕೇಳಿದರು. ಹಂಗಿಸಿದ್ದಲ್ಲ, ನಿಜವಾಗಿ ಗೊತ್ತಿರಲಿಲ್ಲ. ಮಹಾರಾಷ್ಟ್ರ ಮಂಡಳಿ ಕನ್ನಡದಲ್ಲಿ ಪರೀಕ್ಷೆ ನಡೆಸುತ್ತದೆ, ಗಣಿತ, ವಿಜ್ಞಾನ, ಇತಿಹಾಸ ಎಲ್ಲವನ್ನೂ ಕನ್ನಡದಲ್ಲಿ ಅಚ್ಚು ಹಾಕುತ್ತದೆ ಎಂಬ ಸಂಗತಿಯೇ ಅಲ್ಲಿ ಹೊಸದು. ಆ ಹುಡುಗಿ ಉತ್ತರ ಕೊಟ್ಟಳು: 'ಸರ್, ನಾವು ಅಲ್ಲೇ ಕನ್ನಡದಾಗೇ ಕಲೀತೀವ್ರಿ.' ಹೊರ ರಾಜ್ಯದ ಶುಲ್ಕ ಕಟ್ಟಿಸಿಕೊಂಡರು. ನಿಯಮ ಹಾಗಿದ್ದರೆ ಅವರು ತಾನೇ ಏನು ಮಾಡಿಯಾರು? ನಿಯಮವನ್ನು ಬರೆದವರ ಜೊತೆ ನಮ್ಮ ವಾದ.

ಕರ್ನಾಟಕದಲ್ಲಿ ಒಂದರಿಂದ ಹತ್ತರವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಸಿಇಟಿಯಲ್ಲಿ ಶೇ. 5 ಮೀಸಲಾತಿ ಇದೆ. ಒಳ್ಳೆಯ ನಿಯಮ. ಕನ್ನಡ ಮಾಧ್ಯಮವನ್ನು ಎಲ್ಲಕ್ಕಿಂತ ಕಷ್ಟದಲ್ಲಿ ಹಿಡಿದುಕೊಂಡವರು ಯಾರು? ಸುತ್ತ ಮರಾಠಿ ಇದ್ದು, ಕಚೇರಿ ಮರಾಠಿಯಾಗಿದ್ದು, ಸಂತೆ ಮರಾಠಿಯಾಗಿದ್ದು, ಆದರೂ ಕನ್ನಡ ಪಾಟಿ ಹಿಡಿದ ನಮ್ಮ ಮಕ್ಕಳೋ, ಅಥವಾ ಸುತ್ತಲೂ ಕನ್ನಡವೇ ಇರುವಲ್ಲಿಯ ಮಕ್ಕಳೋ? ಅರ್ಹತಾ ಕಲಮಿನ ಮೊದಲ ಬಾಗಿಲೇ ಮುಚ್ಚಿದ ಮೇಲೆ ಒಳಕೋಣೆಯ ಆ ಶೇ. 5ರ ಮಾತು ನಮಗೆ ಎಲ್ಲಿ ಬಂತು? ಗಡಿನಾಡು ಕಲಮಿನವರಿಗೆ ಇಡುವ ಕನ್ನಡ ಪರೀಕ್ಷೆ 50 ಅಂಕದ್ದು, ಪ್ರಾಥಮಿಕ ಶಾಲೆಯ ಮಟ್ಟದ್ದು. 12 ಅಂಕ ಬಂದರೆ ಸಾಕು. ನಮ್ಮ ಹತ್ತನೆಯವರು ಊಟ ಮಾಡುತ್ತ ಬರೆದು ಬರುತ್ತಾರೆ. ಬರೆಯಲು ಕೂಡಿಸಿದರೆ ತಾನೇ!

ಎದುರು ವಾದಗಳು ಇಲ್ಲದಿಲ್ಲ. 'ಕರ್ನಾಟಕದ ತೆರಿಗೆಯ ಹಣದ ಸೀಟು ಹೊರಗಿನವರಿಗೇಕೆ?' ಇದು ತೂಕವುಳ್ಳ ಪ್ರಶ್ನೆ. ಆದರೆ ಏಳು ತಾಲೂಕಿನ ಹೊರಗಿನವರಿಗೆ ಈಗಾಗಲೇ ಕೊಟ್ಟಾಗಿದೆ. ತತ್ತ್ವ ಒಪ್ಪಿಯಾದ ಮೇಲೆ ಉಳಿದದ್ದು ಯಾದಿ ಮಾತ್ರ. ಬೇಕಾದರೆ ಇದ್ದ ಸೀಟನ್ನು ಕಸಿಯದೆ ಹೆಚ್ಚುವರಿಯಾಗಿ ಕೆಲವನ್ನು ಸೃಷ್ಟಿಸಲಿ. 'ಸುಳ್ಳು ದಾಖಲೆ ತಂದು ಬೇರೆಯವರು ನುಗ್ಗುತ್ತಾರೆ' ಎಂಬುದು ಇನ್ನೊಂದು. ಹೌದು, ವಾಸದ ಪ್ರಮಾಣಪತ್ರವನ್ನು ಕೊಳ್ಳಬಹುದು. ಹತ್ತು ವರ್ಷ ಕನ್ನಡ ಮಾಧ್ಯಮದಲ್ಲಿ ಓದಿ ಮಂಡಳಿಯ ಅಂಕಪಟ್ಟಿ ತರುವುದನ್ನು ಕೊಳ್ಳುವುದು ಅಷ್ಟು ಸುಲಭವಲ್ಲ. ಅದಕ್ಕಾಗಿಯೇ ನನ್ನ ಅಭಿಪ್ರಾಯದಲ್ಲಿ ತಾಲೂಕಿನ ಯಾದಿಯನ್ನೇ ತೆಗೆದು, 'ನೆರೆ ರಾಜ್ಯದ ಮಾನ್ಯತೆ ಪಡೆದ ಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಹತ್ತನೆಯದನ್ನು ಪಾಸಾದವರು' ಎಂದು ಬರೆಯುವುದೇ ನೇರ ದಾರಿ. ಆಗ ಅಕ್ಕಲಕೋಟವೂ ಉಳಿಯುತ್ತದೆ, ಉದಗೀರವೂ ಬರುತ್ತದೆ, ವಿವಾದವೆಂಬ ಶಬ್ದವೂ ಬೇಡವಾಗುತ್ತದೆ. ಅದು ತಡವಾಗುವುದಾದರೆ ಅಲ್ಲಿಯವರೆಗೆ ಯಾದಿಯಲ್ಲಿ ನಮ್ಮ ಹೆಸರು ಸೇರಿಸಲಿ. ಸೇರಿಸುವಾಗ ಎಚ್ಚರ: ಉಮರ್ಗಾದಿಂದ ಒಡೆದ ಲೋಹಾರಾ, ಉದಗೀರದಿಂದ ಒಡೆದ ದೇವಣಿ ಈಗ ಪ್ರತ್ಯೇಕ ತಾಲೂಕುಗಳು. ಹಳೆಯ ಮೂರು ಹೆಸರನ್ನಷ್ಟೇ ಬರೆದರೆ ಆ ಹಳ್ಳಿಗಳ ಮಕ್ಕಳು ಮತ್ತೆ ಹೊರಗೆ. ಗುಮಾಸ್ತಗಿರಿಯ ಒಂದು ಶಬ್ದ ಒಂದು ತಲೆಮಾರನ್ನು ತಿನ್ನುತ್ತದೆ.

ಈ ತಡದಿಂದ ನಮ್ಮ ಶಾಲೆಗಳಿಗೆ ಆಗುತ್ತಿರುವುದನ್ನು ಕಡೆಗಣಿಸುವಂತಿಲ್ಲ. ಚುರುಕು ಮಕ್ಕಳು ಆರನೆಯದಕ್ಕೇ ಹೋದರೆ ಪಟಸಂಖ್ಯೆ ಇಳಿಯುತ್ತದೆ. ಪಟ ಇಳಿದರೆ ಶಿಕ್ಷಕರ ಮಂಜೂರಿ ಇಳಿಯುತ್ತದೆ. ಒಬ್ಬ ಮಾಸ್ತರ ನಾಲ್ಕು ಇಯತ್ತೆ ಹಿಡಿದರೆ ಉಳಿದ ಪಾಲಕರೂ ಮಗುವನ್ನು ಬೇರೆಡೆ ಹಾಕುತ್ತಾರೆ. 20ಕ್ಕಿಂತ ಕಡಿಮೆ ಪಟದ ಶಾಲೆಗಳ ಮಾಹಿತಿಯನ್ನು ಮಹಾರಾಷ್ಟ್ರ ಶಿಕ್ಷಣ ಖಾತೆ 2022ರಲ್ಲಿ ಕೇಳಿತು. ಆಮೇಲೆ ಸಮೂಹ ಶಾಲೆಯ ಮಾತು ಬಂತು. ಹತ್ತು ಮರಾಠಿ ಶಾಲೆ ಕೂಡಿಸಿದರೆ ಒಂದು ಮರಾಠಿ ಶಾಲೆ ಆಗುತ್ತದೆ. ಒಂದೇ ಇರುವ ಕನ್ನಡ ಶಾಲೆಯನ್ನು ಯಾವುದರಲ್ಲಿ ಕೂಡಿಸುತ್ತೀರಿ? ಸಂವಿಧಾನದ 350-ಎ ಕಲಮು ಮಾತೃಭಾಷೆಯ ಶಿಕ್ಷಣದ ಭರವಸೆ ಕೊಡುವುದು ಪ್ರಾಥಮಿಕ ಹಂತದವರೆಗೆ. ಅದರ ಮುಂದೆ ದಾರಿ ಕಾಣದಿದ್ದರೆ ಆ ಭರವಸೆಯೂ ಹಾಜರಿ ಪುಸ್ತಕದಲ್ಲಿಯೇ ಒಣಗುತ್ತದೆ. ಮಹಾರಾಷ್ಟ್ರ ಸರ್ಕಾರ ನಮ್ಮ ಶಾಲೆ ಮುಚ್ಚುತ್ತದೆ ಎಂದು ಕೂಗುವ ನಾವು, ಕರ್ನಾಟಕದ ಏಳು ವರ್ಷದ ಕಲಮು ಅದೇ ಶಾಲೆಯನ್ನು ಸದ್ದಿಲ್ಲದೆ ಖಾಲಿ ಮಾಡುತ್ತಿದೆ ಎಂಬುದನ್ನೂ ಹೇಳಬೇಕು.

ಹೋದ ಮಕ್ಕಳಿಗಾದರೂ ಪೂರ್ತಿ ಲಾಭವೇ? ಅದೂ ಇಲ್ಲ. ಮಹಾರಾಷ್ಟ್ರದ ವೈದ್ಯಕೀಯ ಪ್ರವೇಶದಲ್ಲಿ ರಾಜ್ಯದ ಪಾಲಿನ ಸೀಟು ಬೇಕೆಂದರೆ ಹತ್ತನೆಯದೂ ಹನ್ನೆರಡನೆಯದೂ ಮಹಾರಾಷ್ಟ್ರದಲ್ಲಿಯೇ ಪಾಸಾಗಿರಬೇಕು. ಆರನೆಯದಕ್ಕೆ ಹೋದವನು ಅದನ್ನು ಕಳೆದುಕೊಂಡ. ನಡುವೆ ಒಂದು ವರ್ಷ ಕಾಯಿಲೆಯಾಗಿಯೋ ಹಣ ಸಾಲದೆಯೋ ಮರಳಿ ಊರಿಗೆ ಬಂದರೆ ಏಳು ಆರಾಗುತ್ತದೆ. ಆಗ ಅತ್ತಲೂ ಇಲ್ಲ, ಇತ್ತಲೂ ಇಲ್ಲ. ಹನ್ನೊಂದರ ವಯಸ್ಸಿನಲ್ಲಿ ಮಗು ಡಾಕ್ಟರನಾಗುವುದೋ ಇಂಜಿನಿಯರನಾಗುವುದೋ, ಯಾವ ರಾಜ್ಯದಲ್ಲಿ ಎಂದು ತಂದೆ ನಿರ್ಧರಿಸಬೇಕು! ಜಗತ್ತಿನ ಯಾವ ಶಿಕ್ಷಣಶಾಸ್ತ್ರದಲ್ಲಿ ಇದನ್ನು ಬರೆದಿದೆ?

2022ರ ನವೆಂಬರಿನಲ್ಲಿ ಮಹಾರಾಷ್ಟ್ರದ ಕನ್ನಡ ಶಾಲೆಗಳಿಗೆ ವಿಶೇಷ ಅನುದಾನ ಕೊಡುವುದಾಗಿ ಅಂದಿನ ಕರ್ನಾಟಕ ಮುಖ್ಯಮಂತ್ರಿಗಳು ಹೇಳಿದರು. ಬೆಂಚು, ಬಣ್ಣ, ಕಂಪ್ಯೂಟರು ಬಂದರೆ ಬೇಡವೆನ್ನುವವರು ನಾವಲ್ಲ. ಆದರೆ ಪುಸ್ತಿಕೆಯಲ್ಲಿ ಐದು ತಾಲೂಕಿನ ಹೆಸರು ಸೇರಿಸಲು ಖಜಾನೆಯಿಂದ ಎಷ್ಟು ಹೋಗುತ್ತದೆ? ಅನುದಾನ ಒಂದು ವರ್ಷದ ಮಾತು. ಈ ಸಾಲು ಸೇರಿದರೆ ಪಾಲಕ ತಾನಾಗಿಯೇ ಮಗುವನ್ನು ಹತ್ತನೆಯವರೆಗೆ ನಮ್ಮಲ್ಲಿ ಇಡುತ್ತಾನೆ.

ಇನ್ನು ನಿಮ್ಮಿಂದ ಆಗಬೇಕಾದ ಕೆಲಸ. ಮುಖ್ಯಾಧ್ಯಾಪಕರೇ, ಕಳೆದ ಐದು ವರ್ಷಗಳಲ್ಲಿ ಐದನೆಯದು ಮುಗಿಸಿ ಕರ್ನಾಟಕಕ್ಕೆ ಹೋದ ಮಕ್ಕಳೆಷ್ಟು, ಹತ್ತನೆಯದನ್ನು ಕನ್ನಡ ಮಾಧ್ಯಮದಲ್ಲಿ ಪಾಸಾಗಿ ಕರ್ನಾಟಕದ ಕಾಲೇಜಿಗೆ ಅರ್ಜಿ ಹಾಕಿದವರೆಷ್ಟು, ಅವರಿಂದ ಯಾವ ಶುಲ್ಕ ಪಡೆದರು ಎಂಬ ಲೆಕ್ಕವನ್ನು ದಾಖಲೆ ಪುಸ್ತಕದಿಂದ ತೆಗೆಯಿರಿ. ಮಕ್ಕಳ ಹೆಸರು ಬೇಡ, ಸಂಖ್ಯೆ ಮತ್ತು ವರ್ಷ ಸಾಕು. ಜೊತೆಗೆ ಶುಲ್ಕದ ಪಾವತಿಯ ನಕಲು ಇದ್ದರೆ ಬಹಳ ಒಳ್ಳೆಯದು. ನಮ್ಮ ಕೈಯಲ್ಲಿ ಈವರೆಗೆ ಗೋಳು ಇದೆ, ಅಂಕಿ ಇಲ್ಲ. ಅಂಕಿ ಇಲ್ಲದ ಅರ್ಜಿಯನ್ನು ಬೆಂಗಳೂರು ಓದುವುದಿಲ್ಲ. ಪಾಲಕರೇ, ಹತ್ತನೆಯ ಅಂಕಪಟ್ಟಿಯ ಜೊತೆಗೆ 'ಒಂದರಿಂದ ಹತ್ತು ಕನ್ನಡ ಮಾಧ್ಯಮ' ಎಂಬ ಪ್ರಮಾಣಪತ್ರವನ್ನು ಶಾಲೆಯಿಂದ ಇಂದೇ ಬರೆಸಿಕೊಂಡು ಜೋಪಾನವಾಗಿಡಿರಿ. ಕಲಮು ಬದಲಾದ ದಿನ ಅದೇ ಕೆಲಸಕ್ಕೆ ಬರುತ್ತದೆ. ಅರ್ಜಿಯ ಒಂದು ಪ್ರತಿ ಕರ್ನಾಟಕದ ಉನ್ನತ ಶಿಕ್ಷಣ ಇಲಾಖೆಗೆ, ಒಂದು ಪರೀಕ್ಷಾ ಪ್ರಾಧಿಕಾರಕ್ಕೆ, ಒಂದು ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರಕ್ಕೆ, ಒಂದು 350-ಬಿ ಕಲಮಿನ ಪ್ರಕಾರ ನೇಮಕವಾಗುವ ಭಾಷಾ ಅಲ್ಪಸಂಖ್ಯಾತರ ಆಯುಕ್ತರಿಗೆ ಹೋಗಬೇಕು. ಮುಂದಿನ ಪುಸ್ತಿಕೆ ಅಚ್ಚಿಗೆ ಹೋಗುವ ಮೊದಲು ಅರ್ಜಿ ಅಲ್ಲಿರಬೇಕೆಂದರೆ ದೀಪಾವಳಿ ಸೂಟಿ ಮುಗಿದು ಶಾಲೆ ತೆರೆಯುವ ದಿನಕ್ಕೆ ನಿಮ್ಮ ಅಂಕಿಗಳು ಈ ಪತ್ರಿಕೆಯ ಕಚೇರಿಗೆ ಮುಟ್ಟಬೇಕು. ಉಮರ್ಗಾ, ಲೋಹಾರಾ, ನಿಲಂಗಾ, ಉದಗೀರ, ದೇವಣಿ ಐದರಿಂದಲೂ ಬರಲಿ. ಕೇಂದ್ರ ಶಾಲೆಯ ಸಭೆಗೆ ಬರುವಾಗ ದಾಖಲೆ ಪುಸ್ತಕವನ್ನು ಜೊತೆಗೇ ತನ್ನಿರಿ, ಅಲ್ಲಿಯೇ ಕೂತು ಬರೆದುಕೊಳ್ಳೋಣ.